ವಿಜ್ಞಾನ ಕಥೆಯಲ್ಲಿ ಬೆಳಕಿಗಿಂತ ವೇಗದ ಪಯಣ: ನಂಬುವಂತೆ ಬರೆಯುವುದು ಹೇಗೆ?

ನಕ್ಷತ್ರದಿಂದ ನಕ್ಷತ್ರಕ್ಕೆ ಸಾಗುವ ನೌಕೆಯ ಕಥೆ ಬರೆಯಲು ಕುಳಿತವರು ಸಾಮಾನ್ಯವಾಗಿ ಮೊದಲು ಅದರ ಎಂಜಿನ್ನಿಗೆ ಒಂದು ಹೆಸರು ಹುಡುಕುತ್ತಾರೆ. ಆ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಕಾಗದದ ಮೇಲೆ ಬರೆದುಕೊಳ್ಳಬೇಕಾದದ್ದು ದೂರದ ಮತ್ತು ಕಾಲದ ಲೆಕ್ಕ. ಬೆಳಕು ನಿರ್ವಾತದಲ್ಲಿ ಸೆಕೆಂಡಿಗೆ 2,99,792.458 ಕಿಲೋಮೀಟರ್ ಸಾಗುತ್ತದೆ. ಸೂರ್ಯನನ್ನು ಬಿಟ್ಟರೆ ನಮಗೆ ಅತ್ಯಂತ ಸಮೀಪದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿ ಇರುವುದು ಸುಮಾರು 4.24 ಜ್ಯೋತಿರ್ವರ್ಷಗಳ ದೂರದಲ್ಲಿ. 1977ರಲ್ಲಿ ಹೊರಟ ವಾಯೇಜರ್ 1 ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದ್ದು, ಅಷ್ಟು ದೂರವನ್ನು ಕ್ರಮಿಸಲು ಅದಕ್ಕೆ 70,000 ವರ್ಷಗಳಿಗೂ ಹೆಚ್ಚು ಕಾಲ ಬೇಕಾಗುತ್ತದೆ.

ಈ ಅಂಕಿಗಳನ್ನು ಎದುರಿಗಿಟ್ಟುಕೊಂಡು, ನಿಮ್ಮ ಕಥೆಗೆ ಬೆಳಕನ್ನು ಮೀರುವ ವೇಗ ನಿಜಕ್ಕೂ ಬೇಕೇ ಎಂದು ಕೇಳಿಕೊಳ್ಳಿ. ಭೂಮಿಯ ಗುರುತ್ವಕ್ಕೆ ಸಮನಾದ ವೇಗೋತ್ಕರ್ಷದಲ್ಲಿ ಅರ್ಧ ದಾರಿಯವರೆಗೆ ವೇಗ ಹೆಚ್ಚಿಸಿಕೊಂಡು, ಉಳಿದರ್ಧ ದಾರಿಯಲ್ಲಿ ಅದೇ ಪ್ರಮಾಣದಲ್ಲಿ ವೇಗ ತಗ್ಗಿಸಿಕೊಳ್ಳುವ ನೌಕೆಯೊಂದಿದ್ದರೆ, ಅದು ಪ್ರಾಕ್ಸಿಮಾ ತಲುಪುವಾಗ ಭೂಮಿಯಲ್ಲಿ ಹೆಚ್ಚುಕಡಿಮೆ ಆರು ವರ್ಷ ಕಳೆದಿದ್ದರೂ ಪಯಣಿಗರ ಗಡಿಯಾರದಲ್ಲಿ ಕೇವಲ ಮೂರೂವರೆ ವರ್ಷ ಕಳೆದಿರುತ್ತದೆ. ಕಾಲ ಹೀಗೆ ಹಿಗ್ಗುವುದು ಬರಿಯ ಊಹೆಯಲ್ಲ. ವಾಯುಮಂಡಲದ ಮೇಲ್ಪದರದಲ್ಲಿ ಹುಟ್ಟುವ ಮ್ಯೂಯಾನ್ ಕಣಗಳ ಸರಾಸರಿ ಆಯುಸ್ಸು 2.2 ಮೈಕ್ರೋಸೆಕೆಂಡು, ಅಷ್ಟು ಹೊತ್ತಿನಲ್ಲಿ ಬೆಳಕು ಕೂಡ 660 ಮೀಟರ್ ದಾಟಲಾರದು, ಆದರೂ ಅವು ಹತ್ತು–ಹದಿನೈದು ಕಿಲೋಮೀಟರ್ ಇಳಿದು ನೆಲ ಮುಟ್ಟುತ್ತಲೇ ಇವೆ. ಮನೆಗೆ ಮರಳಿದಾಗ ಮಕ್ಕಳು ತಮಗಿಂತ ಹಿರಿಯರಾಗಿರುವ ಕಥೆ ನಿಮ್ಮದಾಗಿದ್ದರೆ ಇಷ್ಟೇ ಸಾಕು. ಹಲವು ನಕ್ಷತ್ರಲೋಕಗಳ ನಡುವೆ ಆಳ್ವಿಕೆ, ವ್ಯಾಪಾರ, ಯುದ್ಧಗಳು ಒಂದು ಮನುಷ್ಯಾಯುಷ್ಯದೊಳಗೆ ನಡೆಯಬೇಕಾಗಿದ್ದರೆ ಮಾತ್ರ ಮುಂದಿನ ಹೆಜ್ಜೆ ಇಡಿ.

ಇಡುವಾಗ ಒಂದು ಹಳೆಯ ತಪ್ಪಿನಿಂದ ದೂರವಿರಿ. ಶಬ್ದದ ವೇಗವನ್ನು ವಿಮಾನ ಮೀರಿದಂತೆ, ಸಾಕಷ್ಟು ಬಲವುಳ್ಳ ಎಂಜಿನ್ ಒಂದು ದಿನ ಬೆಳಕಿನ ವೇಗವನ್ನೂ ಮೀರುತ್ತದೆ ಎಂದು ಪಾತ್ರವೊಂದರ ಬಾಯಲ್ಲಿ ಹೇಳಿಸಬೇಡಿ. ಶಬ್ದದ ಗಡಿ ಎಂಜಿನಿಯರುಗಳ ಮುಂದಿದ್ದ ತೊಡಕಾಗಿತ್ತು. ಬೆಳಕಿನ ಗಡಿಯಾದರೋ, ಐನ್‌ಸ್ಟೈನ್ 1905ರಲ್ಲಿ ತೋರಿಸಿದಂತೆ, ದೇಶಕಾಲದ, ಅಂದರೆ ಸ್ಥಳ ಮತ್ತು ಕಾಲಗಳು ಬೆಸೆದುಕೊಂಡ ಹಂದರದ, ರಚನೆಯಲ್ಲೇ ಇದೆ. ದ್ರವ್ಯರಾಶಿಯುಳ್ಳ ವಸ್ತು ಆ ವೇಗಕ್ಕೆ ಹತ್ತಿರವಾದಷ್ಟೂ ಬೇಕಾಗುವ ಶಕ್ತಿ ಮಿತಿಯಿಲ್ಲದೆ ಏರುತ್ತ ಹೋಗುತ್ತದೆ.

ಆದ್ದರಿಂದ ಗಂಭೀರ ಲೇಖಕರು ಗಡಿಯನ್ನು ಒಡೆಯದೆ ಬಳಸುದಾರಿ ಹುಡುಕುತ್ತಾರೆ. ಸಾಮಾನ್ಯ ಸಾಪೇಕ್ಷತೆಯ, ಅಂದರೆ ಗುರುತ್ವವನ್ನು ದೇಶಕಾಲದ ಬಾಗುವಿಕೆಯೆಂದು ವಿವರಿಸುವ ಐನ್‌ಸ್ಟೈನ್ ಸಿದ್ಧಾಂತದ, ಸಮೀಕರಣಗಳು ಅಂಥ ಎರಡು ದಾರಿಗಳಿಗೆ ಬಾಗಿಲು ತೆರೆದಿಟ್ಟಿವೆ. ಒಂದು, ದೇಶಕಾಲದ ಎರಡು ದೂರದ ತಾಣಗಳನ್ನು ಜೋಡಿಸುವ ವರ್ಮ್‌ಹೋಲ್. ಐನ್‌ಸ್ಟೈನ್ ಮತ್ತು ರೋಸೆನ್ 1935ರಲ್ಲಿ ಇಂಥ ಸೇತುವೆಯನ್ನು ಗಣಿತದಲ್ಲಿ ಕಂಡರು. ಕಾದಂಬರಿ ಬರೆಯುತ್ತಿದ್ದ ಕಾರ್ಲ್ ಸೇಗನ್ ಕೇಳಿದ ಪ್ರಶ್ನೆಯಿಂದ ಪ್ರೇರಿತರಾದ ಭೌತವಿಜ್ಞಾನಿ ಕಿಪ್ ಥಾರ್ನ್, ಮನುಷ್ಯರು ಹಾದುಹೋಗಬಲ್ಲ ವರ್ಮ್‌ಹೋಲ್ ಹೇಗಿರಬೇಕೆಂದು ಮೈಕೆಲ್ ಮಾರಿಸ್ ಜೊತೆ 1988ರಲ್ಲಿ ಲೆಕ್ಕ ಹಾಕಿದರು. ಕಥೆಗಾರನ ಪ್ರಶ್ನೆಯೊಂದು ಭೌತವಿಜ್ಞಾನದ ಪ್ರಬಂಧವಾಗಿ ಬೆಳೆದ ಈ ಪ್ರಸಂಗ ನನಗೆ ಬಹಳ ಪ್ರಿಯವಾದದ್ದು. ಇನ್ನೊಂದು, ಮಿಗೆಲ್ ಆಲ್ಕುಬಿಯೆರೆ 1994ರಲ್ಲಿ ಮಂಡಿಸಿದ ವಾರ್ಪ್ ಗುಳ್ಳೆ. ನೌಕೆಯ ಮುಂದಿನ ದೇಶ (ಸ್ಥಳ) ಕುಗ್ಗುತ್ತದೆ, ಹಿಂದಿನದು ಹಿಗ್ಗುತ್ತದೆ, ಗುಳ್ಳೆಯೊಳಗಿನ ನೌಕೆ ತನ್ನ ಸುತ್ತಲಿನ ದೇಶದಲ್ಲಿ ಬೆಳಕನ್ನು ಎಂದೂ ಮೀರುವುದಿಲ್ಲ. ಎರಡಕ್ಕೂ ಋಣ ಶಕ್ತಿ, ಅಂದರೆ ಸೊನ್ನೆಗಿಂತ ಕಡಿಮೆಯ ಶಕ್ತಿ, ಬೇಕು. ನಿರ್ವಾತದಲ್ಲಿ ತೀರ ಹತ್ತಿರವಿರುವ ಎರಡು ಲೋಹದ ಫಲಕಗಳು ಒಂದನ್ನೊಂದು ಸೆಳೆಯುತ್ತವೆ ಎಂದು 1948ರಲ್ಲಿ ಭೌತವಿಜ್ಞಾನಿ ಕ್ಯಾಸಿಮಿರ್ ಊಹಿಸಿದ ಪರಿಣಾಮದಲ್ಲಿ ಅದರ ಸುಳಿವು ತೀರ ಅಲ್ಪ ಪ್ರಮಾಣದಲ್ಲಿ ಸಿಗುತ್ತದೆ. ನೌಕೆಗೆ ಬೇಕಾದಷ್ಟನ್ನು ಕೂಡಿಹಾಕುವ ವಿಧಾನ ಯಾರಿಗೂ ತಿಳಿದಿಲ್ಲ. ಓದುಗರು ಇದನ್ನು ನಿಮಗೆ ಬಿಟ್ಟುಕೊಡುತ್ತಾರೆ.

ಅವರು ಬಿಟ್ಟುಕೊಡದಿರುವುದು ಆ ದಾರಿಯ ಒಳಗಿನ ನಿಯಮಗಳನ್ನು ನೀವು ಕಡೆಗಣಿಸಿದಾಗ. ಉದಾಹರಣೆಗೆ, ಗುಳ್ಳೆ ಬೆಳಕಿಗಿಂತ ವೇಗವಾಗಿ ಸಾಗುತ್ತಿರುವಾಗ ನೌಕೆಯಿಂದ ಹೊರಟ ಯಾವ ಸಂಕೇತವೂ ಅದರ ಮುಂಗೋಡೆಯನ್ನು ಮುಟ್ಟಲಾರದು. ಅಂದರೆ ಚಾಲಕನಿಗೆ ಗುಳ್ಳೆಯನ್ನು ತಿರುಗಿಸಲು, ನಿಲ್ಲಿಸಲು ಸಾಧ್ಯವಿಲ್ಲ. ದಾರಿಯನ್ನು ಯಾರೋ ಮೊದಲೇ, ಬೆಳಕಿಗಿಂತ ನಿಧಾನವಾಗಿ ಸಾಗಿ, ಸಜ್ಜುಗೊಳಿಸಿರಬೇಕಾಗುತ್ತದೆ. ಇದನ್ನು ಅಡ್ಡಿಯೆಂದು ಮರೆಮಾಚುವ ಬದಲು ಕಥೆಯ ಬೆನ್ನೆಲುಬಾಗಿ ಮಾಡಿಕೊಳ್ಳಿ: ದಾರಿ ಹಾಸಲು ನೂರಾರು ವರ್ಷ ಹಿಂದೆ ಹೊರಟವರು ಯಾರು, ಅದರ ಮೇಲಿನ ಹಕ್ಕು ಈಗ ಯಾರದು?

ಟ್ಯಾಕಿಯಾನ್‌ಗಳ ವಿಷಯ ಚುಟುಕಾಗಿ ಮುಗಿಸಬಹುದು. ಬೆಳಕಿಗಿಂತ ವೇಗದ ಕಣಗಳ ಸಾಧ್ಯತೆಯನ್ನು ಇ.ಸಿ.ಜಿ. ಸುದರ್ಶನ್ ಮತ್ತು ಸಂಗಡಿಗರು 1962ರಲ್ಲಿ ಚರ್ಚಿಸಿದರು. ಆದರೆ ಅಂಥ ಕಣ ಇದ್ದರೂ ಅದು ಬೆಳಕಿನ ವೇಗಕ್ಕಿಂತ ಕೆಳಗೆ ಇಳಿಯಲಾರದು, ಹಾಗಾಗಿ ನಿಂತಿರುವ ನೌಕೆಯನ್ನು ಕೊಂಡೊಯ್ಯಲು ಅದರಿಂದ ಉಪಯೋಗವಿಲ್ಲ. ಕ್ವಾಂಟಮ್ ಎಂಟ್ಯಾಂಗಲ್‌ಮೆಂಟ್ (ದೂರವಿದ್ದರೂ ಎರಡು ಕಣಗಳ ಸ್ಥಿತಿಗಳು ಒಂದಕ್ಕೊಂದು ಹೆಣೆದುಕೊಂಡಿರುವುದು) ಮೂಲಕ ತತ್‌ಕ್ಷಣ ಸುದ್ದಿ ಕಳುಹಿಸುವುದನ್ನೂ ಕ್ವಾಂಟಮ್ ಸಿದ್ಧಾಂತವೇ ತಡೆಯುತ್ತದೆ.

ಇನ್ನು ಎಲ್ಲಕ್ಕಿಂತ ಕಠಿಣವಾದ, ಹೆಚ್ಚಿನ ಕಥೆಗಳು ಮುಟ್ಟದೆ ದಾಟಿಹೋಗುವ ವಿಷಯಕ್ಕೆ ಬರೋಣ. ಬೆಳಕನ್ನು ಮೀರುವ ಸಂದೇಶ ಕಾರ್ಯಕಾರಣ ಸಂಬಂಧವನ್ನೇ ಕದಡುತ್ತದೆ. ಇದನ್ನು ನೀವೇ ಲೆಕ್ಕ ಮಾಡಿ ನೋಡಬೇಕು. ಒಂದು ನೌಕೆ ಬೆಳಕಿನ ವೇಗದ ಶೇಕಡ 80ರ ವೇಗದಲ್ಲಿ ಭೂಮಿಯಿಂದ ಹೊರಟಿದೆ. ಎರಡೂ ಕಡೆ ತತ್‌ಕ್ಷಣ ಸಂದೇಶ ಮುಟ್ಟಿಸುವ ಯಂತ್ರವಿದೆ ಎಂದುಕೊಳ್ಳಿ. ಐದನೆಯ ವರ್ಷದ ಕೊನೆಗೆ ಭೂಮಿಯಲ್ಲಿ ಅನಾಹುತವೊಂದು ನಡೆದು, ಸುದ್ದಿ ನೌಕೆಗೆ ಹೋಗುತ್ತದೆ. ಭೂಮಿಯ ಲೆಕ್ಕದಲ್ಲಿ ಆ ಗಳಿಗೆಗೆ ನೌಕೆಯ ಗಡಿಯಾರ 3 ವರ್ಷ ತೋರಿಸುತ್ತಿರುತ್ತದೆ. ಆದರೆ ನೌಕೆಯವರ ದೃಷ್ಟಿಯಲ್ಲಿ ದೂರ ಸರಿಯುತ್ತಿರುವುದು ಭೂಮಿ, ನಿಧಾನವಾಗಿ ನಡೆಯುತ್ತಿರುವುದು ಭೂಮಿಯ ಗಡಿಯಾರ. ಅವರ 3 ವರ್ಷ ತುಂಬಿದ “ಈಗ”ಕ್ಕೆ ಭೂಮಿಯಲ್ಲಿ ಕಳೆದಿರುವುದು 1.8 ವರ್ಷ ಮಾತ್ರ. ಅವರು ತತ್‌ಕ್ಷಣ ಉತ್ತರ ಕಳುಹಿಸಿದರೆ ಅದು ಅನಾಹುತಕ್ಕೆ 3.2 ವರ್ಷ ಮೊದಲೇ ಭೂಮಿಗೆ ಬಂದು ಮುಟ್ಟುತ್ತದೆ. ಎಚ್ಚರಿಕೆ ಸಿಕ್ಕಿ ಅನಾಹುತ ತಪ್ಪಿದರೆ, ಮೊದಲ ಸಂದೇಶವನ್ನು ಕಳುಹಿಸಿದವರು ಯಾರು?

ಎಂಜಿನ್ ಯಾವುದೇ ಇರಲಿ, ಈ ಸಿಕ್ಕು ತಪ್ಪುವುದಿಲ್ಲ. ಬೆಳಕನ್ನು ಮೀರುವ ವೇಗ, ಸಾಪೇಕ್ಷತೆ, ಕಾರ್ಯಕಾರಣ ಸಂಬಂಧ: ಮೂರನ್ನೂ ಒಟ್ಟಿಗೆ ಉಳಿಸಿಕೊಳ್ಳುವುದು ಕಷ್ಟವಾದ್ದರಿಂದ, ಯಾವುದನ್ನು ಬಿಡುತ್ತೀರೆಂದು ಬರೆಯುವ ಮೊದಲೇ ನಿರ್ಧರಿಸಿ. ನನ್ನ ಮಟ್ಟಿಗೆ ಸಾಪೇಕ್ಷತೆಯಲ್ಲಿ ಒಂದೇ ಒಂದು ವಿನಾಯಿತಿ ತೆಗೆದುಕೊಳ್ಳುವುದು ಮೇಲು: ಅತಿವೇಗದ ಜಿಗಿತಗಳೆಲ್ಲ ಇಡೀ ವಿಶ್ವಕ್ಕೆ ಸಮಾನವಾದ ಒಂದೇ “ಈಗ”ನ್ನು ಅನುಸರಿಸುತ್ತವೆ ಎಂಬ ನಿಯಮ ಮಾಡಿಕೊಂಡರೆ ಮೇಲಿನ ಉತ್ತರ ಹಿಂದಿನ ಕಾಲಕ್ಕೆ ಹೋಗಲಾರದು. ಇನ್ನೂ ನಾಟಕೀಯವಾದದ್ದು ಬೇಕೆಂದರೆ ಸ್ಟೀಫನ್ ಹಾಕಿಂಗ್ 1992ರಲ್ಲಿ ಮುಂದಿಟ್ಟ ಊಹೆಯಿದೆ. ಭೂತಕಾಲಕ್ಕೆ ದಾರಿಯಾಗುವಂಥದ್ದನ್ನು ಭೌತನಿಯಮಗಳೇ ತಡೆಯುತ್ತವೆ ಎಂಬುದು ಅದರ ಸಾರ. ಕಾಲಯಂತ್ರವಾಗುವ ಅಂಚಿಗೆ ಬಂದ ವರ್ಮ್‌ಹೋಲ್ ಕುಸಿದುಬೀಳುವುದಾದರೆ, ಶತ್ರುವಿನ ದಾರಿಯನ್ನು ಕಡಿಯಲು ನಿಮ್ಮ ಪಾತ್ರಗಳಿಗೆ ಅದೇ ಆಯುಧವಾಗಬಹುದು.

ಪಾತ್ರಗಳು ಹೊಸ ಆವಿಷ್ಕಾರವನ್ನು ಎದುರುಗೊಳ್ಳುವ ರೀತಿಯೂ ನಿಜವಾಗಿರಲಿ. 2011ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಿಂದ ಇಟಲಿಯ ಗ್ರಾನ್ ಸಾಸೊ ಪ್ರಯೋಗಾಲಯಕ್ಕೆ 730 ಕಿಲೋಮೀಟರ್ ಸಾಗಿದ ನ್ಯೂಟ್ರಿನೊ ಎಂಬ ಅತಿ ಹಗುರ ಕಣಗಳು ಬೆಳಕಿಗಿಂತ ಸುಮಾರು 60 ನ್ಯಾನೊಸೆಕೆಂಡು ಮೊದಲೇ ಬಂದಂತೆ ಒಪೆರಾ ಪ್ರಯೋಗದಲ್ಲಿ ಕಂಡಿತು. ವಿಜ್ಞಾನಿಗಳು ಹಬ್ಬ ಮಾಡಲಿಲ್ಲ. ತಪ್ಪು ಹುಡುಕಿಕೊಡಿ ಎಂದು ಇತರರನ್ನು ಕೇಳಿಕೊಂಡರು. ಮುಖ್ಯ ದೋಷ ಸರಿಯಾಗಿ ಕೂರದಿದ್ದ ಒಂದು ಆಪ್ಟಿಕಲ್ ಫೈಬರ್ ಕೇಬಲ್‌ನಲ್ಲಿತ್ತು. ನಿಮ್ಮ ಕಥೆಯ ವಿಜ್ಞಾನಿಯೂ ಮೊದಲು ಕೇಬಲ್ಲುಗಳನ್ನೇ ಪರೀಕ್ಷಿಸಲಿ.

ಹಸ್ತಪ್ರತಿ ಮುಗಿದ ಮೇಲೆ ಈ ಒಂದು ದೃಶ್ಯವನ್ನು ಬರೆದು ನೋಡಿ. ಬೆಳಕಿನ ಹತ್ತು ಪಟ್ಟು ವೇಗದಲ್ಲಿ ಸಾಧಾರಣ ಆಕಾಶದ ಮೂಲಕವೇ ಪ್ರಾಕ್ಸಿಮಾದಿಂದ ಹೊರಟ ನೌಕೆ ಐದು ತಿಂಗಳಲ್ಲಿ ಭೂಮಿ ತಲುಪುತ್ತದೆ. ನೌಕೆ ಇಳಿದ ಮೇಲೆ ಅದರ ಪಯಣದ ಬೆಳಕು ಹಿಂದಿನಿಂದ ಬರತೊಡಗುತ್ತದೆ. ಸಮೀಪದ ಬಿಂಬ ಮೊದಲು, ದೂರದ್ದು ಆಮೇಲೆ. ದೂರದರ್ಶಕದಲ್ಲಿ ಕಣ್ಣಿಟ್ಟ ನಾಯಕಿ ತನ್ನದೇ ನೌಕೆ ಹಿಮ್ಮುಖವಾಗಿ ಪ್ರಾಕ್ಸಿಮಾದತ್ತ ಸರಿಯುತ್ತಿರುವುದನ್ನು ನೋಡುತ್ತಾಳೆ, ಮತ್ತು ತಾನು ಅಲ್ಲಿಂದ ಹೊರಟ ಗಳಿಗೆಯನ್ನು ಕಾಣಲು ಇನ್ನೂ 3.8 ವರ್ಷ ಕಾಯುತ್ತಾಳೆ.