ಸ್ಪರ್ಧೆಯ ಬೆಂಚು, ಜಿಮ್ ಬೆಂಚು: ಟೇಪು ಹಿಡಿದು ನೋಡಿ

ಬೆಂಚ್ ಪ್ರೆಸ್ (ಮಲಗಿ ಬಾರ್ ಅನ್ನು ಎದೆಗಿಳಿಸಿ ಮೇಲೆತ್ತುವ ವ್ಯಾಯಾಮ) ಮಾಡುವ ಬೆಂಚಿನ ಮೇಲೆ ಯಾರೂ ಮಲಗಿರದಾಗ ನೆಲದಿಂದ ಪ್ಯಾಡಿನ ಮೇಲ್ಮೈವರೆಗೆ ಅಳೆಯಿರಿ. ಐಪಿಎಫ್ (ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಒಕ್ಕೂಟ) ನಿಯಮದ ಪ್ರಕಾರ ಎತ್ತರ 42ರಿಂದ 45 ಸೆಂ.ಮೀ., ಅಗಲ 29ರಿಂದ 32 ಸೆಂ.ಮೀ., ಉದ್ದ ಕನಿಷ್ಠ 122 ಸೆಂ.ಮೀ. ಇರಬೇಕು. ಜಿಮ್ ಬೆಂಚುಗಳು ಈ ಲೆಕ್ಕಕ್ಕೆ ಕಟ್ಟುಬಿದ್ದಿಲ್ಲ. ಎತ್ತರ 45 ದಾಟಿರುವುದು, ಅಗಲ 25–28ಕ್ಕೇ ನಿಂತಿರುವುದು ಸಾಮಾನ್ಯ.

ಎತ್ತರ ಹೆಚ್ಚಾದರೆ ಗಿಡ್ಡ ಕಾಲಿನವರ ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ, ಕಾಲಿನ ಒತ್ತು ಅಲ್ಲಿಗೇ ಸತ್ತಂತೆ. ಎರಡೂ ಪಾದಗಳಡಿ ಒಂದೇ ದಪ್ಪದ ರಬ್ಬರ್ ಪ್ಲೇಟು ಇಡಿ. ಪಾದ ಪೂರ್ತಿ ಊರಬೇಕು. ಇದೇನೂ ಕಳ್ಳದಾರಿಯಲ್ಲ: ಸ್ಪರ್ಧೆಯಲ್ಲೂ 30 ಸೆಂ.ಮೀ.ವರೆಗಿನ ಬ್ಲಾಕುಗಳಿಗೆ ಅವಕಾಶವಿದೆ.

ಅಗಲದ ಕೊರತೆಗೆ ಇಷ್ಟು ಸುಲಭದ ಮದ್ದಿಲ್ಲ. ಕಿರಿದಾದ ಪ್ಯಾಡಿನಲ್ಲಿ ಹೆಗಲಮೂಳೆಗಳ ಅಂಚು ಹೊರಗೆ ಜೋತುಬಿದ್ದು, ಬಾರ್ ಎದೆಗಿಳಿಯುವಾಗ ಭುಜ ಅಲುಗಾಡುತ್ತದೆ. ಸ್ಪಂಜು ಮೆತ್ತಗಿದ್ದರೆ ಇನ್ನೂ ಕಷ್ಟ. ಹೆಬ್ಬೆರಳಿನಿಂದ ಒತ್ತಿದಾಗಲೇ ಆಳಕ್ಕೆ ಇಳಿಯುವ ಪ್ಯಾಡು ಭಾರ ಬಿದ್ದಾಗ ನಿಮ್ಮನ್ನೇ ನುಂಗುತ್ತದೆ. ಅಂಥದ್ದನ್ನು ಬಿಟ್ಟು ಜಿಮ್‌ನಲ್ಲೇ ಅಗಲವಾದ, ಗಟ್ಟಿಯಾದ ಇನ್ನೊಂದು ಬೆಂಚನ್ನು, ಬಾರ್ ಇಡುವ ಕಂಬಗಳ ಚೌಕಟ್ಟಾದ ಪವರ್ ರ‍್ಯಾಕಿನೊಳಗೆ ಎಳೆದುಕೊಳ್ಳಿ. ರೆಕ್ಸಿನ್ ಜಾರುತ್ತಿದ್ದರೆ ಭುಜದ ಭಾಗಕ್ಕೆ ಮಾತ್ರ ತೆಳು ರಬ್ಬರ್ ಜಾಲರಿ ಸಾಕು.

ಬಾರ್ ಕೂರಿಸುವ ಕಂಬಗಳ ವಿಷಯಕ್ಕೆ ಹೆಚ್ಚು ಗಮನ ಕೊಡಿ, ಏಕೆಂದರೆ ಒಳ್ಳೆಯ ಲಿಫ್ಟು ಕೆಡುವುದು ಬಹುಪಾಲು ಇಲ್ಲೇ. ಸ್ಪರ್ಧೆಯ ಬೆಂಚಿನಲ್ಲಿ ಬಾರ್ ಕೂರುವ ಎತ್ತರವನ್ನು 75ರಿಂದ 110 ಸೆಂ.ಮೀ.ವರೆಗೆ ಹೊಂದಿಸಬಹುದು. ಜಿಮ್ ಬೆಂಚಿನಲ್ಲಿ ದೂರದೂರ ಬೆಸೆದ ಮೂರ್ನಾಲ್ಕು ಕೊಕ್ಕೆಗಳಿರುತ್ತವೆ, ಅಷ್ಟೇ. ಮೊಣಕೈ ನೇರವಾದಾಗ ಬಾರ್ ಕೊಕ್ಕೆಯ ತುದಿಗಿಂತ 3–4 ಸೆಂ.ಮೀ. ಮೇಲಿರಬೇಕು. ಕೊಕ್ಕೆ ಎತ್ತರವಾದರೆ ಬಾರ್ ಬಿಡಿಸಲು ಭುಜ ಮೇಲೆದ್ದು, ಬಿಗಿದಿಟ್ಟ ಹೆಗಲಮೂಳೆ ಸಡಿಲವಾಗುತ್ತದೆ. ತಗ್ಗಾದರೆ ಅರ್ಧ ಪ್ರೆಸ್ ಅಲ್ಲೇ ಖರ್ಚು. ಎರಡರ ನಡುವೆ ಸಿಕ್ಕಿಬಿದ್ದರೆ ತಗ್ಗಿನದನ್ನೇ ಆರಿಸಿ, ಬಾರ್ ಎತ್ತಿಕೊಡಲು ಒಬ್ಬರನ್ನು ನಿಲ್ಲಿಸಿಕೊಳ್ಳಿ.

ಬಾರಿನ ಮೇಲಿನ ಹಿಡಿತದ ಗುರುತನ್ನೂ (ಉಂಗುರ) ಕುರುಡಾಗಿ ನಂಬಬೇಡಿ. ಪವರ್‌ಲಿಫ್ಟಿಂಗ್ ಬಾರಿನ ಉಂಗುರಗಳ ನಡುವೆ 81 ಸೆಂ.ಮೀ. ಅಂತರ, ತೋರುಬೆರಳುಗಳ ನಡುವಿನ ಗರಿಷ್ಠ ಹಿಡಿತವೂ ಅಷ್ಟೇ. ಒಲಿಂಪಿಕ್ ವೇಟ್‌ಲಿಫ್ಟಿಂಗ್ ಬಾರಿನಲ್ಲಿ ಅದು 91. ಅದರ ಮೇಲೆ ತೋರುಬೆರಳಿಟ್ಟು ತಿಂಗಳುಗಟ್ಟಲೆ ಅಭ್ಯಾಸ ಮಾಡಿದವರ ಹಿಡಿತ ಸ್ಪರ್ಧೆಯಲ್ಲಿ ನಡೆಯುವುದಿಲ್ಲ.

ಸ್ಪರ್ಧೆಯ ಬೆಂಚಿಗೆ ಬಾರ್ ಕೈತಪ್ಪಿದರೆ ತಡೆಯುವ ಸುರಕ್ಷಾ ಸರಳುಗಳು ಕಡ್ಡಾಯ, ಜಿಮ್‌ನ ಎಷ್ಟೋ ಬೆಂಚುಗಳಿಗೆ ಅವು ಇರುವುದೇ ಇಲ್ಲ. ರ‍್ಯಾಕಿನಲ್ಲಿ ಹೊಂದಿಸುವಾಗ ಖಾಲಿ ಬಾರಿನಿಂದ ಪರೀಕ್ಷಿಸಿ: ಬೆನ್ನು ಬಿಲ್ಲಾಗಿಸಿದಾಗ ಬಾರ್ ಸರಳಿಗೆ ತಾಗದೆ ಎದೆ ಮುಟ್ಟಬೇಕು, ಬೆನ್ನು ಚಪ್ಪಟೆ ಮಾಡಿದ ಕೂಡಲೇ ಸರಳಿನ ಮೇಲೆ ಕೂರಬೇಕು. ಸರಳೂ ಇಲ್ಲ, ಜೊತೆಗೂ ಯಾರಿಲ್ಲ ಎಂದರೆ ಕಾಲರ್ (ಪ್ಲೇಟು ಜಾರದಂತೆ ಬಾರಿಗೆ ಹಾಕುವ ಬಿಗಿ) ಹಾಕಬೇಡಿ. ಸಿಕ್ಕಿಬಿದ್ದಾಗ ಬಾರ್ ವಾಲಿಸಿ ಪ್ಲೇಟು ಜಾರಿಸಿಬಿಡಬಹುದು.