ಆರ್‌ವಿ ಕೊಳ್ಳುವಾಗ ಪೂರ್ತಿ ದುಡ್ಡು ಕೊಡಬೇಕಾ, ಸಾಲ ಮಾಡಬೇಕಾ?

ಊರಿಂದ ಅಪ್ಪ ಅಮ್ಮ ಬಂದಾಗ ಯೆಲ್ಲೊಸ್ಟೋನ್, ಗ್ರ್ಯಾಂಡ್ ಕ್ಯಾನ್ಯನ್ ಎಲ್ಲಾ ತೋರಿಸಬೇಕು, ಹೊತ್ತಿಗೆ ಸರಿಯಾಗಿ ಬಿಸಿ ಅನ್ನ ಸಾರು ಸಿಗಬೇಕು, ಬಾತ್‌ರೂಮಿಗೆ ಅಂತ ಪದೇ ಪದೇ ಗಾಡಿ ನಿಲ್ಲಿಸಬಾರದು. ಅಮೆರಿಕದಲ್ಲಿರುವ ನಮ್ಮವರ ಮನೆಗಳಲ್ಲಿ ಆರ್‌ವಿ, ಅಂದರೆ ಮಲಗಲು, ಅಡುಗೆಗೆ, ಶೌಚಕ್ಕೆ ವ್ಯವಸ್ಥೆ ಇರುವ ಮನೆಗಾಡಿಯ ಮಾತು ಶುರುವಾಗುವುದೇ ಹೀಗೆ. ಆಸೆ ಒಳ್ಳೆಯದೇ. ಆದರೆ ಮನೆ ಬಿಟ್ಟರೆ ಇಷ್ಟು ದುಡ್ಡು ಒಂದೇ ಸಲ ಹಾಕುವ ವಸ್ತು ಇನ್ನೊಂದಿಲ್ಲ. ಮನೆಯ ಬೆಲೆ ಏರಬಹುದು, ಇದರದ್ದು ಇಳಿಯುತ್ತಲೇ ಹೋಗುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಪೂರ್ತಿ ದುಡ್ಡು ಕೊಟ್ಟ ಮೇಲೂ ಬ್ಯಾಂಕಿನಲ್ಲಿ ಒಂದು ವರ್ಷದ ಮನೆಖರ್ಚು ಉಳಿಯುವುದಾದರೆ ಕೊಟ್ಟು ತಗೊಳ್ಳಿ. ಉಳಿಯುವುದಿಲ್ಲ ಅಂದರೆ ಲೋನ್ ಮಾಡಿ, ಆದರೆ ಹತ್ತು ವರ್ಷ ದಾಟಬೇಡಿ. ಇಪ್ಪತ್ತು ವರ್ಷದ ಲೋನ್ ಮಾತ್ರ ಬೇಡವೇ ಬೇಡ.

ಮೊದಲು ಬಾಡಿಗೆಗೆ ತಗೊಳ್ಳಿ

ಕ್ರೂಸ್ ಅಮೆರಿಕ, ಔಟ್‌ಡೋರ್ಸಿ, ಆರ್‌ವಿಶೇರ್ ಇಂಥ ಕಡೆ ಬಾಡಿಗೆಗೆ ಸಿಗುತ್ತದೆ. ಒಂದು ವಾರ ಓಡಿಸಿ ನೋಡಿ. ಬಸ್ಸಿನಂಥ ದೊಡ್ಡ ಕ್ಲಾಸ್ ಎ ಗಾಡಿ ಒಂದು ಗ್ಯಾಲನ್‌ಗೆ ಹತ್ತು ಮೈಲಿ ಕೊಡುವುದೂ ಕಷ್ಟ. ಕೊಳಕು ನೀರಿನ ಟ್ಯಾಂಕ್ ಖಾಲಿ ಮಾಡುವ ಕೆಲಸ ಮನೆಯವರಲ್ಲಿ ಯಾರು ಮಾಡುತ್ತಾರೆ ಅನ್ನುವುದೂ ಆಗಲೇ ಗೊತ್ತಾಗುತ್ತದೆ. ವರ್ಷಕ್ಕೆ ಎರಡು ವಾರ ಮಾತ್ರ ಹೋಗುವವರಿಗೆ ಬಾಡಿಗೆಯೇ ಸಾಕು, ನಿಜವಾಗಲೂ.

ಕೈಯಲ್ಲಿ ಏನು ಉಳಿಯುತ್ತದೆ ನೋಡಿ

ಗಾಡಿ ಬೆಲೆಯ ಮೇಲೆ ಸೇಲ್ಸ್ ಟ್ಯಾಕ್ಸ್, ರಿಜಿಸ್ಟ್ರೇಷನ್, ಡೀಲರ್ ಹಾಕುವ ಡಾಕ್ಯುಮೆಂಟ್ ಫೀ, ಇನ್ಶೂರೆನ್ಸ್ ಎಲ್ಲಾ ಸೇರಿಸಿ. ಮನೆ ಮುಂದೆ ನಿಲ್ಲಿಸಲು ಕಾಲೊನಿಯ ಎಚ್‌ಒಎ (ಮನೆ ಮಾಲೀಕರ ಸಂಘ) ಬಿಡದಿದ್ದರೆ ಸ್ಟೋರೇಜ್ ಬಾಡಿಗೆ ತಿಂಗಳು ತಿಂಗಳೂ ಇದೆ. ಓಡಿಸದೆ ನಿಲ್ಲಿಸಿದ್ದರೂ ಟೈರು ಹಳೆಯದಾಗುತ್ತದೆ. ಇದನ್ನೆಲ್ಲಾ ಕಳೆದ ಮೇಲೆ ಎಷ್ಟು ಉಳಿಯಿತು?

ಎಚ್-1ಬಿ ವೀಸಾದಲ್ಲಿ ಇರುವವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಕೆಲಸ ಹೋದರೆ ನಿಮಗೆ ಹೆಚ್ಚೆಂದರೆ 60 ದಿನದ ಕಾಲಾವಕಾಶ. ಅಷ್ಟರಲ್ಲಿ ಬೇರೆ ಕೆಲಸ ಹುಡುಕಬೇಕು, ಇಲ್ಲವೇ ಊರಿಗೆ ಹೊರಡುವ ಏರ್ಪಾಡು ಮಾಡಬೇಕು, ಅದರ ನಡುವೆ ಸಾಲ ಇರುವ ಆರ್‌ವಿಯನ್ನು ಅರ್ಜೆಂಟಾಗಿ ಮಾರಬೇಕು ಅಂದರೆ ಸಿಕ್ಕ ಬೆಲೆಗೆ ಕೊಡಬೇಕಾಗುತ್ತದೆ. ಹಾಗಾಗಿ ಗ್ರೀನ್ ಕಾರ್ಡ್ ಬರುವ ತನಕ ಗಾಡಿಯ ಹಿಂದೆ ಕಟ್ಟಿ ಎಳೆಯುವ ಸಣ್ಣ ಸೆಕೆಂಡ್ ಹ್ಯಾಂಡ್ ಟ್ರೇಲರ್, ಪೂರ್ತಿ ದುಡ್ಡು ಕೊಟ್ಟು, ಅಷ್ಟೇ ಸಾಕು ಅನ್ನುತ್ತೇನೆ. ಕೆಲವು ಬ್ಯಾಂಕುಗಳು ವೀಸಾ ಮುಗಿಯುವ ದಿನಕ್ಕಿಂತ ಆಚೆಗೆ ಸಾಲ ಕೊಡುವುದೂ ಇಲ್ಲ.

401(ಕೆ), ಅಂದರೆ ಕೆಲಸದ ಕಡೆಯ ನಿವೃತ್ತಿ ಉಳಿತಾಯ ಖಾತೆ ಮುರಿದು ಆರ್‌ವಿ ಕೊಳ್ಳುವ ಯೋಚನೆ ಇದ್ದರೆ ಬಿಟ್ಟುಬಿಡಿ. ಐವತ್ತೊಂಬತ್ತೂವರೆ ವರ್ಷ ಆಗುವ ಮೊದಲು ತೆಗೆದರೆ ತೆರಿಗೆಯ ಜೊತೆ ಸಾಮಾನ್ಯವಾಗಿ 10% ದಂಡವೂ ಬೀಳುತ್ತದೆ.

ಈಗ ಲೆಕ್ಕ

ಪೆನ್ನು ತಗೊಳ್ಳಿ. ಗಾಡಿ ಬೆಲೆ 75,000 ಡಾಲರ್ ಅಂದುಕೊಳ್ಳೋಣ. 20% ಡೌನ್ ಪೇಮೆಂಟ್, ಅಂದರೆ 15,000 ಕೊಟ್ಟಿರಿ. ಉಳಿದ 60,000ಕ್ಕೆ 8% ಬಡ್ಡಿಯ ಸಾಲ. ಬಡ್ಡಿ ಎಲ್ಲಾ ಅವಧಿಗೂ ಒಂದೇ ಅಂತ ಇಟ್ಟುಕೊಳ್ಳೋಣ.

ಹತ್ತು ವರ್ಷಕ್ಕಾದರೆ ತಿಂಗಳ ಕಂತು ಸುಮಾರು 728 ಡಾಲರ್, ಒಟ್ಟು ಬಡ್ಡಿ 27,400ರ ಹತ್ತಿರ. ಹದಿನೈದು ವರ್ಷಕ್ಕೆ ಕಂತು 573, ಬಡ್ಡಿ 43,200. ಇಪ್ಪತ್ತು ವರ್ಷಕ್ಕೆ ಕಂತು 502ಕ್ಕೆ ಇಳಿಯುತ್ತದೆ, ನೋಡಲು ಚೆನ್ನಾಗಿದೆ, ಆದರೆ ಬಡ್ಡಿ 60,400. ಸಾಲಕ್ಕಿಂತ ಬಡ್ಡಿಯೇ ಜಾಸ್ತಿ!

ಇಪ್ಪತ್ತು ವರ್ಷದ ಸಾಲದ ಮೊದಲ ಕಂತನ್ನು ಬಿಡಿಸಿ ನೋಡಿ. 502 ಡಾಲರ್‌ನಲ್ಲಿ 400 ಬಡ್ಡಿಗೆ ಹೋಯಿತು. ಅಸಲಿಗೆ ಬಿದ್ದದ್ದು 102. ಐದು ವರ್ಷ ತಪ್ಪದೆ ಕಟ್ಟಿ, 30,000ಕ್ಕೂ ಮೇಲೆ ಕೊಟ್ಟ ಮೇಲೂ ಬಾಕಿ 52,500 ಹಾಗೇ ಕೂತಿರುತ್ತದೆ.

ಅದೇ ಐದು ವರ್ಷದಲ್ಲಿ 75,000ದ ಗಾಡಿ 45,000ಕ್ಕೆ ಇಳಿದಿದೆ ಅಂದುಕೊಳ್ಳಿ. ಹೊಸ ಆರ್‌ವಿಗೆ ಇದೇನೂ ವಿಚಿತ್ರವಲ್ಲ, ಮೊದಲ ವರ್ಷದಲ್ಲೇ ದೊಡ್ಡ ಪಾಲು ಹೋಗಿಬಿಡುತ್ತದೆ. ಈಗ ಮಾರಬೇಕು ಅಂದರೆ ಗಾಡಿಯನ್ನೂ ಕೊಟ್ಟು, ಮೇಲಿಂದ ಬ್ಯಾಂಕಿಗೆ 7,500 ಡಾಲರ್ ಕೈಯಿಂದ ಕಟ್ಟಬೇಕು. ಹದಿನೈದು ವರ್ಷದ ಸಾಲದವರಿಗೂ ಎರಡು ಸಾವಿರ ಚಿಲ್ಲರೆ ಕೈಯಿಂದ ಹೋಗುತ್ತದೆ. ಹತ್ತು ವರ್ಷದ ಸಾಲ ಮಾಡಿದವರ ಬಾಕಿ ಮಾತ್ರ 35,900, ಅವರಿಗೆ 9,000 ಕೈಗೆ ಬರುತ್ತದೆ.

ಇದು ಬರೀ ಕಾಗದದ ಲೆಕ್ಕ ಅಲ್ಲ. ಕೋವಿಡ್ ಕಾಲದಲ್ಲಿ ಎಲ್ಲರಿಗೂ ಆರ್‌ವಿ ಬೇಕಾಯಿತು. 2021ರಲ್ಲಿ ಕಂಪನಿಗಳು ಡೀಲರುಗಳಿಗೆ ಕಳಿಸಿದ ಆರ್‌ವಿಗಳು 6 ಲಕ್ಷ, ಅದು ದಾಖಲೆ. 2023ಕ್ಕೆ ಅದು 3 ಲಕ್ಷದ 13 ಸಾವಿರಕ್ಕೆ ಕುಸಿಯಿತು. ಇಂಡಿಯಾನಾದ ಎಲ್ಕ್‌ಹಾರ್ಟ್ ಈ ಉದ್ಯಮದ ತವರು, ಅಲ್ಲಿನ ಕಾರ್ಖಾನೆಗಳಿಗೂ ಏಟು ಬಿತ್ತು. ಬೇಡಿಕೆ ತುತ್ತತುದಿಯಲ್ಲಿದ್ದಾಗ ಹೇಳಿದ ಬೆಲೆ ಕೊಟ್ಟು, ಉದ್ದನೆಯ ಸಾಲ ಮಾಡಿದವರಿಗೆ ಆಮೇಲೆ ಮಾರಲು ಹೋದಾಗ ಈ ಲೆಕ್ಕದ ಬಿಸಿ ತಟ್ಟಿತು.

“ಸಾಲ ಮಾಡಿ, ನಮ್ಮ ದುಡ್ಡನ್ನು ಬೇರೆ ಕಡೆ ಬೆಳೆಸಬಹುದಲ್ವಾ?” ಅಂತ ಕೇಳುವವರು ಇದ್ದಾರೆ. ನ್ಯಾಯವಾದ ಪ್ರಶ್ನೆ. ಸೇವಿಂಗ್ಸ್ ಖಾತೆಯಲ್ಲಿ 60,000ಕ್ಕೆ 4% ಸಿಕ್ಕರೆ ವರ್ಷಕ್ಕೆ 2,400. ಫೆಡರಲ್ ತೆರಿಗೆ 24% ಕಳೆದರೆ 1,824. ಇಪ್ಪತ್ತು ವರ್ಷದ ಸಾಲಕ್ಕೆ ಮೊದಲ ವರ್ಷ ಕೊಡುವ ಬಡ್ಡಿ 4,750. ಅಂದರೆ ದುಡ್ಡು ಕೈಯಲ್ಲಿದೆ ಅನ್ನುವ ಧೈರ್ಯಕ್ಕೆ ವರ್ಷಕ್ಕೆ 2,900 ಡಾಲರ್ ಕೊಟ್ಟ ಹಾಗೆ. ಚಿಕ್ಕ ಮಕ್ಕಳಿದ್ದು, ಒಬ್ಬರದೇ ಸಂಬಳ ಅನ್ನುವ ಮನೆಯಲ್ಲಿ ಆ ಧೈರ್ಯಕ್ಕೆ ಬೆಲೆ ಇದೆ, ಇಲ್ಲ ಅನ್ನುವುದಿಲ್ಲ. ಷೇರಿನಲ್ಲಿ ಅದಕ್ಕಿಂತ ಜಾಸ್ತಿ ಬರಬಹುದು, ಆದರೆ ಬಡ್ಡಿ ಗ್ಯಾರಂಟಿ, ಷೇರಿನ ಲಾಭ ಗ್ಯಾರಂಟಿ ಅಲ್ಲ.

ಡೀಲರ್ ಹತ್ತಿರ ಹೋಗುವ ಮೊದಲೇ ಲೋನ್ ಮಾತಾಡಿ

ಸಾಲ ಮಾಡುವುದು ಅಂತ ಆದರೆ ನಿಮ್ಮ ಕ್ರೆಡಿಟ್ ಯೂನಿಯನ್ (ಸದಸ್ಯರದೇ ಸಹಕಾರಿ ಬ್ಯಾಂಕ್ ಇದ್ದ ಹಾಗೆ), ಬ್ಯಾಂಕ್ ಎರಡೂ ಕಡೆ ಕೇಳಿ, ಎಷ್ಟು ಸಾಲ ಎಷ್ಟು ಬಡ್ಡಿಗೆ ಅಂತ ಬರವಣಿಗೆಯಲ್ಲಿ ತಗೊಂಡು ಹೋಗಿ. ಯಾಕೆಂದರೆ ಡೀಲರ್ ಮೂಲಕ ಮಾಡಿಸುವ ಸಾಲದಲ್ಲಿ, ಬ್ಯಾಂಕು ಅವರಿಗೆ ಹೇಳಿದ ಬಡ್ಡಿಯ ಮೇಲೆ ಅವರು ಇನ್ನಷ್ಟು ಸೇರಿಸಿ ನಿಮಗೆ ಹೇಳಬಹುದು, ಆ ವ್ಯತ್ಯಾಸದಲ್ಲಿ ಅವರಿಗೂ ಪಾಲು ಇರುತ್ತದೆ. ಕೈಯಲ್ಲಿ ಇನ್ನೊಂದು ದರ ಇದ್ದರೆ ಅವರೇ ಇಳಿಸುತ್ತಾರೆ. ಅವರದೇ ಕಡಿಮೆ ಆದರೆ ಅವರದೇ ತಗೊಳ್ಳಿ.

ಎರಡು ವಿಷಯ ತಪ್ಪದೆ ಕೇಳಿ. ಮೊದಲೇ ಸಾಲ ತೀರಿಸಿದರೆ ದಂಡ ಇದೆಯಾ? ಬಡ್ಡಿ ಆಯಾ ದಿನದ ಬಾಕಿಯ ಮೇಲೇನಾ? ಬಡ್ಡಿಯ ದೊಡ್ಡ ಪಾಲನ್ನು ಮುಂಚೆಯೇ ವಸೂಲಿ ಮಾಡಿಕೊಳ್ಳುವ ಹಳೆಯ ಲೆಕ್ಕವನ್ನು 61 ತಿಂಗಳಿಗಿಂತ ಉದ್ದದ ಸಾಲಕ್ಕೆ ಹಾಕುವಂತಿಲ್ಲ, ಅದು ಫೆಡರಲ್ ಕಾನೂನು.

ಡೀಲರ್ ಮುಂದೆ ಕೂತಾಗ

“ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?” ಅಂತಲೇ ಮಾತು ಶುರುವಾಗಬಹುದು. ಉತ್ತರ ಕೊಡಬೇಡಿ. ಕಂತು ಒಪ್ಪಿಕೊಂಡರೆ ವರ್ಷ ಹೆಚ್ಚಿಸಿ ಬೆಲೆ ಮುಚ್ಚಿಬಿಡುವುದು ಸುಲಭ. ತೆರಿಗೆ, ಫೀ ಎಲ್ಲಾ ಸೇರಿ ಗಾಡಿ ಹೊರಗೆ ಬರುವ ಒಟ್ಟು ಬೆಲೆ ಬರೆದುಕೊಡಿ ಅನ್ನಿ. ಅದು ಕೈಗೆ ಬರುವ ತನಕ ಕ್ಯಾಶಾ ಲೋನಾ ಅನ್ನುವುದನ್ನು ಹೇಳಬೇಡಿ. ಕ್ಯಾಶ್ ಅಂದ ತಕ್ಷಣ ಬೆಲೆ ಇಳಿಯುತ್ತದೆ ಅನ್ನುವ ನಂಬಿಕೆ ಇಲ್ಲಿ ನಡೆಯುವುದಿಲ್ಲ, ಲೋನ್ ಮಾಡಿಸಿದರೆ ಡೀಲರ್‌ಗೇ ಲಾಭ.

ಬೆಲೆ ಕುದುರಿದ ಮೇಲೆ ಫೈನಾನ್ಸ್ ಆಫೀಸಿಗೆ ಕಳಿಸುತ್ತಾರೆ. ಎಕ್ಸ್‌ಟೆಂಡೆಡ್ ವಾರಂಟಿ, ಟೈರ್ ಪ್ಲಾನ್, ಬಣ್ಣಕ್ಕೆ ಕೋಟಿಂಗ್, ಒಂದಾದ ಮೇಲೊಂದು ಬರುತ್ತವೆ. 4,000 ಡಾಲರ್ ವಾರಂಟಿಯನ್ನು ಸಾಲಕ್ಕೆ ಸೇರಿಸಿದರೆ ಕಂತು ತಿಂಗಳಿಗೆ 33 ಡಾಲರ್ ಮಾತ್ರ ಏರುತ್ತದೆ, ದಿನಕ್ಕೆ ಒಂದು ಡಾಲರ್ ತಾನೇ ಅನ್ನಿಸುತ್ತದೆ. ಇಪ್ಪತ್ತು ವರ್ಷಕ್ಕೆ ಅದು 8,000 ಆಗುತ್ತದೆ. ವಾರಂಟಿ ಅಷ್ಟು ವರ್ಷ ಇರುವುದೂ ಇಲ್ಲ.

ಸಹಿ ಹಾಕುವ ಮೊದಲು ಎಪಿಆರ್ (ವರ್ಷದ ಬಡ್ಡಿ ದರ, ಫೀ ಸೇರಿ), ಒಟ್ಟು ಬಡ್ಡಿ ಖರ್ಚು, ಸಾಲದ ಮೊತ್ತ, ಕಟ್ಟುವ ಒಟ್ಟು ದುಡ್ಡು, ಈ ನಾಲ್ಕು ಅಂಕಿಯ ಪಟ್ಟಿ ಕಾಗದದಲ್ಲಿ ಇರುತ್ತದೆ. ಸಾವಧಾನವಾಗಿ ಓದಿ. ಮೂರು ದಿನದಲ್ಲಿ ವಾಪಸ್ ಕೊಡಬಹುದು ಅಂತ ಅಂದುಕೊಳ್ಳಬೇಡಿ. ಡೀಲರ್ ಅಂಗಡಿಯಲ್ಲಿ ಕೊಂಡದ್ದಕ್ಕೆ ಆ ಫೆಡರಲ್ ನಿಯಮ ಇಲ್ಲ. ಟ್ಯಾಂಪಾ, ಹರ್ಷಿ ಕಡೆ ನಡೆಯುವ ದೊಡ್ಡ ಆರ್‌ವಿ ಪ್ರದರ್ಶನಗಳಲ್ಲಿ ಕೊಂಡರೂ, ಡೀಲರ್‌ಗೆ ಬೇರೆಲ್ಲೋ ಕಾಯಂ ಅಂಗಡಿ ಇದ್ದರೆ, ಅನ್ವಯಿಸುವುದಿಲ್ಲ.

ಪೂರ್ತಿ ದುಡ್ಡು ಕೊಡುವವರಿಗೆ

ನೋಟಿನ ಕಂತೆ ಬೇಡ. 10,000 ಡಾಲರ್‌ಗಿಂತ ಜಾಸ್ತಿ ನಗದು ತಗೊಂಡ ಡೀಲರ್ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೆ 8300 ಫಾರ್ಮ್ ಕಳಿಸಲೇಬೇಕು. ಅದರಿಂದ ನಿಮಗೆ ತೊಂದರೆ ಇಲ್ಲ, ಆದರೆ ಅದನ್ನು ತಪ್ಪಿಸಲು ದುಡ್ಡನ್ನು ಚೂರು ಚೂರು ಮಾಡಿ ಕೊಟ್ಟರೆ ಅದೇ ಅಪರಾಧ. ವೈರ್ ಟ್ರಾನ್ಸ್‌ಫರ್ ಮಾಡಿ, ಮುಗಿಯಿತು.

ಖಾಸಗಿಯವರಿಂದ ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಅವರ ಸಾಲ ಬಾಕಿ ಇದೆಯಾ ಕೇಳಿ. ಇದ್ದರೆ ಅವರ ಬ್ಯಾಂಕಿಗೇ ಇಬ್ಬರೂ ಹೋಗಿ, ದುಡ್ಡು ನೇರ ಅಲ್ಲೇ ಕಟ್ಟಿ. ಬ್ಯಾಂಕಿನ ಹಕ್ಕು ಬಿಡಿಸದ ಟೈಟಲ್ (ಗಾಡಿಯ ಮಾಲೀಕತ್ವದ ಪತ್ರ) ನಂಬಿ ದುಡ್ಡು ಕೊಡಬೇಡಿ.

ಇನ್ನೊಂದು ವಿಷಯ. ಸಾಲ ಕೊಟ್ಟ ಬ್ಯಾಂಕು ಪೂರ್ತಿ ಇನ್ಶೂರೆನ್ಸ್ ಮಾಡಿಸುತ್ತದೆ, ಪೂರ್ತಿ ದುಡ್ಡು ಕೊಟ್ಟವರನ್ನು ಯಾರೂ ಕೇಳುವುದಿಲ್ಲ. ಹಾಗಂತ ಇನ್ಶೂರೆನ್ಸ್ ಕಡಿಮೆ ಮಾಡಬೇಡಿ, ಸಾಲ ಇಲ್ಲ ಅಂದರೆ ನಷ್ಟವೂ ಪೂರ್ತಿ ನಿಮ್ಮದೇ. ಗಾಡಿಯನ್ನು ಸ್ವತಂತ್ರ ಇನ್‌ಸ್ಪೆಕ್ಟರ್‌ಗೆ ತೋರಿಸಿ. ನೀವೂ ಟಾರ್ಚ್ ಹಿಡಿದು ಹಾಸಿಗೆ ಕೆಳಗೆ, ಕಪಾಟಿನ ಮೂಲೆಗಳಲ್ಲಿ ನೀರಿನ ಕಲೆ ಹುಡುಕಿ, ಗೋಡೆ ಒತ್ತಿ ಮೆತ್ತಗಿದೆಯಾ ನೋಡಿ. ಆರ್‌ವಿಯನ್ನು ಕೊಲ್ಲುವುದು ಸೋರುವ ಛಾವಣಿ. ಟೈರಿನ ಮೇಲೆ ಡಿಒಟಿ (DOT) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ 2319 ಇದ್ದರೆ ಅದು 2019ರ 23ನೇ ವಾರದ್ದು. ಎಷ್ಟೇ ಹೊಸದಾಗಿ ಕಂಡರೂ ಬದಲಾಯಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ತೆರಿಗೆ ಉಳಿಯುತ್ತದಂತೆ, ಹೌದಾ?

ಮಲಗಲು, ಅಡುಗೆಗೆ, ಶೌಚಕ್ಕೆ ವ್ಯವಸ್ಥೆ ಇರುವ ಆರ್‌ವಿಯನ್ನು ಐಆರ್‌ಎಸ್ ಎರಡನೇ ಮನೆ ಅಂತ ಒಪ್ಪುತ್ತದೆ. ಆ ಗಾಡಿಯ ಮೇಲೇ ಸಾಲ ಇದ್ದರೆ ಬಡ್ಡಿಯನ್ನು ಆದಾಯದಿಂದ ಕಳೆಯಬಹುದು. ಆದರೆ ನಿಮ್ಮ ಕಡಿತಗಳನ್ನು ಒಂದೊಂದಾಗಿ ತೋರಿಸಿದರೆ ಮಾತ್ರ. ಗಂಡ ಹೆಂಡತಿ ಒಟ್ಟಿಗೆ ರಿಟರ್ನ್ ಹಾಕಿದರೆ 2025ಕ್ಕೆ 31,500 ಡಾಲರ್ ಸ್ಟ್ಯಾಂಡರ್ಡ್ ಡಿಡಕ್ಷನ್ ಸುಮ್ನೆ ಸಿಗುತ್ತದೆ, ಮನೆ ಸಾಲದ ಬಡ್ಡಿ, ಆರ್‌ವಿ ಬಡ್ಡಿ, ರಾಜ್ಯದ ತೆರಿಗೆ, ದಾನ ಎಲ್ಲಾ ಸೇರಿ ಅದನ್ನು ದಾಟದಿದ್ದರೆ ಆರ್‌ವಿ ಬಡ್ಡಿಯಿಂದ ಏನೂ ಪ್ರಯೋಜನ ಇಲ್ಲ. ದಾಟಿದರೂ 4,750 ಬಡ್ಡಿಗೆ 24%ರ ಲೆಕ್ಕದಲ್ಲಿ ಉಳಿಯುವುದು ಹೆಚ್ಚೆಂದರೆ 1,140. ಉಳಿದ 3,610 ನಿಮ್ಮ ಜೇಬಿಂದಲೇ ಹೋಯಿತು.

ಸಾಲ ಮಾಡಿ ಆಯಿತು, ಮುಂದೆ?

ಬೋನಸ್ ಬಂದಾಗ, ತೆರಿಗೆ ರೀಫಂಡ್ ಬಂದಾಗ ಸಾಲಕ್ಕೆ ಜಾಸ್ತಿ ಕಟ್ಟಿ. ಕಟ್ಟುವಾಗ ಇದು ಅಸಲಿಗೆ ಮಾತ್ರ ಅಂತ ಸ್ಪಷ್ಟವಾಗಿ ಬರೆಯಿರಿ, ಇಲ್ಲದಿದ್ದರೆ ಕೆಲವು ಬ್ಯಾಂಕುಗಳು ಅದನ್ನು ಮುಂದಿನ ತಿಂಗಳ ಕಂತು ಅಂತ ಹಿಡಿದುಕೊಳ್ಳುತ್ತವೆ. ಮುಂದಿನ ಸ್ಟೇಟ್‌ಮೆಂಟ್‌ನಲ್ಲಿ ಅಸಲು ಅಷ್ಟೇ ಇಳಿದಿದೆಯಾ ನೋಡಿ, ಇಳಿಯದಿದ್ದರೆ ಅವತ್ತೇ ಫೋನ್ ಮಾಡಿ. ಪೂರ್ತಿ ತೀರಿದ ಮೇಲೆ ಬ್ಯಾಂಕು ತನ್ನ ಹಕ್ಕು ಬಿಟ್ಟ ಪತ್ರವನ್ನು ಕೇಳಿ ತಗೊಂಡು, ಟೈಟಲ್‌ನಿಂದ ಅದರ ಹೆಸರು ಹೋಗಿದೆ ಅನ್ನುವುದನ್ನು ನಿಮ್ಮ ರಾಜ್ಯದ ವಾಹನ ನೋಂದಣಿ ಕಚೇರಿ ಡಿಎಂವಿಯಲ್ಲಿ ಖಚಿತ ಮಾಡಿಕೊಳ್ಳಿ.