ಕಬ್ಬಿನ ಗದ್ದೆಯಲ್ಲಿ ಮೊಲದ ಮರಿ ಕಂಡರೆ ಏನು ಮಾಡಬೇಕು?

ಮಂಡ್ಯ, ಪಾಂಡವಪುರದ ಕಡೆ ಕಬ್ಬು ಕಡಿಯುವಾಗ ತರಗಿನ ನಡುವೆ ಮೊಲದ ಮರಿ ಕಣ್ಣಿಗೆ ಬೀಳುವುದುಂಟು. ಸುತ್ತ ತಾಯಿ ಕಾಣುವುದಿಲ್ಲ. ಪಾಪ, ತಬ್ಬಲಿ ಅಂತ ಮನೆಗೆ ಎತ್ತಿಕೊಂಡು ಹೋಗಿಬಿಡುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಅದು ಯಾವ ಮೊಲ ಅಂತ ನೋಡಿ.

ಮೈ ಪೂರ್ತಿ ಬಿಳಿ ಅಥವಾ ಕಪ್ಪು–ಬಿಳುಪು ಇದ್ದರೆ ಅದು ಸಾಕುಮೊಲ, ಯಾರದೋ ಮನೆಯಿಂದ ತಪ್ಪಿಸಿಕೊಂಡಿದೆ. ಅಕ್ಕಪಕ್ಕ ವಿಚಾರಿಸಿ. ಹೊಲದಲ್ಲೇ ಬಿಟ್ಟರೆ ನಾಯಿ ಪಾಲಾಗುತ್ತದೆ. ನಮ್ಮ ಕಾಡುಮೊಲ ಒಣಹುಲ್ಲಿನ ಬಣ್ಣದ್ದು. ಕಿವಿ, ಹಿಂಗಾಲು ಎರಡೂ ಉದ್ದ. ಬೆಳೆದ ಮೊಲಕ್ಕೆ ಕತ್ತಿನ ಹಿಂಭಾಗ ಕಪ್ಪಗಿರುತ್ತದೆ.

ಸಾಕುಮೊಲದಲ್ಲೂ ಕಂದು ಬಣ್ಣದ್ದು ಇರುವುದರಿಂದ ಬಣ್ಣ ಒಂದನ್ನೇ ನಂಬಬೇಡಿ. ಮರಿಯ ಕಣ್ಣು ನೋಡಿ. ಸಾಕುಮೊಲ ಸುಮಾರು 31 ದಿನಕ್ಕೆ ಮರಿ ಹಾಕುತ್ತದೆ. ಮರಿಗೆ ಮೈಮೇಲೆ ಕೂದಲಿರುವುದಿಲ್ಲ, ಕಣ್ಣು ಬಿಡಲು ಸುಮಾರು 10 ದಿನ ಬೇಕು. ಕಾಡುಮೊಲ ಮರಿ ಹಾಕಲು 40 ದಿನ ದಾಟುತ್ತದೆ. ಅದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ಕಣ್ಣೂ ತೆರೆದಿರುತ್ತದೆ. ಅಂಗೈಯಷ್ಟೇ ಇದ್ದು, ಪಿಳಿಪಿಳಿ ನೋಡುತ್ತಾ ಅಲುಗಾಡದೆ ಕೂತಿದೆ ಅಂದರೆ ಅದು ಬಹುತೇಕ ಕಾಡುಮೊಲದ್ದೇ.

ಮೊಬೈಲ್‌ನಲ್ಲಿ ಕಾಣುವ ವಿಡಿಯೊಗಳಲ್ಲಿ ‘ಮರಿಯನ್ನು ಗೂಡಿಗೆ ವಾಪಸ್ ಇಡಿ’ ಅಂತಾರಲ್ವಾ, ಅದು ಅಮೆರಿಕದ ಕಾಟನ್‌ಟೇಲ್ ಮೊಲದ ಮಾತು. ಆ ಮೊಲ ನೆಲದಲ್ಲಿ ಸಣ್ಣ ಗುಂಡಿ ಮಾಡಿ, ಹುಲ್ಲು ಮತ್ತು ತನ್ನ ಮೈಕೂದಲು ಹಾಸಿ, ಕಣ್ಣು ಬಿಡದ ಮರಿಗಳನ್ನು ಅದರೊಳಗೆ ಮುಚ್ಚಿಡುತ್ತದೆ. ನಮ್ಮ ಕಾಡುಮೊಲ ಬಿಲವನ್ನೂ ತೋಡುವುದಿಲ್ಲ, ಅಂಥ ಗೂಡನ್ನೂ ಮಾಡುವುದಿಲ್ಲ. ಹುಲ್ಲಿನ ಮರೆಯೇ ಮರಿಗೆ ಮನೆ. ನರಿ, ನಾಯಿಗೆ ಸುಳಿವು ಸಿಗದಿರಲಿ ಅಂತ ತಾಯಿ ಹಗಲೆಲ್ಲ ದೂರವೇ ಇರುತ್ತದೆ. ಸಾಮಾನ್ಯವಾಗಿ ಕತ್ತಲಾದ ಮೇಲೆ ಬಂದು, ಕೆಲವೇ ನಿಮಿಷ ಹಾಲು ಕುಡಿಸಿ ಹೋಗುತ್ತದೆ. ಆದ್ದರಿಂದ ಗೂಡು ಹುಡುಕುತ್ತಾ ಅಲೆಯಬೇಡಿ.

ಮರಿ ಚೆನ್ನಾಗಿದ್ದರೆ ಅಲ್ಲೇ ಬಿಡಿ. ಕಟಾವು ನಿಲ್ಲಿಸಲು ಆಗದಿದ್ದರೆ, ಕೈಗೆ ಹುಲ್ಲು ಹಿಡಿದು ಎತ್ತಿ, ಹತ್ತಿರದ ಬದುವಿನ ಹುಲ್ಲಿನ ಮರೆಗೆ ಇಡಿ. ದೂರ ಒಯ್ಯಬೇಡಿ. ನಾಯಿಯನ್ನು ಕಟ್ಟಿಹಾಕಿ. ತರಗಿಗೆ ಬೆಂಕಿ ಹಾಕುವ ರೂಢಿಯಿದ್ದರೆ ಮೊದಲು ಗದ್ದೆಯನ್ನು ಒಂದು ಸುತ್ತು ಹಾಕಿ ಬನ್ನಿ. ಬೆಂಕಿ ಬಂದರೂ ಎಳೆ ಮರಿ ಕೂತಲ್ಲೇ ಅವಿತಿರುತ್ತದೆ.

ಗಾಯವಾಗಿದ್ದರೆ ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಬಟ್ಟೆ ಹಾಸಿ ಮಲಗಿಸಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಹಸುವಿನ ಹಾಲು ಕೊಡಬೇಡಿ, ಹೊಟ್ಟೆ ಕೆಡುತ್ತದೆ. ಮುದ್ದಾಗಿದೆ ಅಂತ ಸಾಕಿಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.